ಮುಷ್ಟಿಕಾಳಗದ ಲೆಕ್ಕ

ನಮ್ಮ ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆ ಜಾತ್ರೆ ಎಂದರೆ ತೇರಿನ ಜೊತೆಗೆ ಕುಸ್ತಿಯೂ ಇರಬೇಕು. ಮೊದಲು ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿ, ಆಮೇಲೆ ರೊಕ್ಕದ ಜೋಡಿಗಳು, ಹೊತ್ತು ಮುಳುಗುವ ಮುಂಚೆ ಬೆಳ್ಳಿ ಕಡಗದ ಕುಸ್ತಿ. ಹಲಗೆ ಬಡಿಯುತ್ತದೆ, ಗೆದ್ದ ಪೈಲ್ವಾನನಿಗೆ ರುಮಾಲು ಸುತ್ತಿ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಅಲ್ಲಿಗೆ ಮುಗಿಯಿತು. ದೇಣಿಗೆ ಕೊಟ್ಟವರ ಹೆಸರು ಜಾತ್ರೆಯ ವಹಿಯಲ್ಲಿ ಇರುತ್ತದೆ, ಕಡಗಕ್ಕೆ ಎಷ್ಟು ತೊಲ ಬೆಳ್ಳಿ ಹೋಯಿತೆಂಬುದೂ ಇರುತ್ತದೆ. ಕಡಗ ತೊಟ್ಟವನ ಹೆಸರನ್ನು ಅದರಲ್ಲಿ ಬರೆದುದನ್ನು ನಾನು ಕಂಡಿಲ್ಲ. ಸೋತವನ ಹೆಸರಿನ ಮಾತಂತೂ ಬೇಡ.

ವೃತ್ತಿಪರ ಬಾಕ್ಸಿಂಗ್ ಪಟುಗಳ ದಾಖಲೆ ನೋಡುವಾಗಲೆಲ್ಲ ಈ ವಹಿ ನನ್ನ ಕಣ್ಣ ಮುಂದೆ ಬರುತ್ತದೆ. ಮುಹಮ್ಮದ್ ಅಲಿಯ ದಾಖಲೆಯನ್ನೇ ತೆಗೆದುಕೊಳ್ಳೋಣ. (1989ರಲ್ಲಿ ಅಲಿ ಕೋಳಿಕ್ಕೋಡಿಗೆ ಬಂದುದು ಈ ವಾರ್ಷಿಕದ ಹಿರಿಯ ಓದುಗರಿಗೆ ನೆನಪಿದ್ದೀತು.) ಒಟ್ಟು 61 ಕಾಳಗ, 56 ಗೆಲುವು, ಅದರಲ್ಲಿ 37 ನಾಕೌಟ್, 5 ಸೋಲು. ಒಂದೊಂದು ಕಾಳಗಕ್ಕೆ ಒಂದೊಂದು ಸಾಲು: ತಾರೀಖು, ಊರು, ಎದುರಾಳಿ, ಎಷ್ಟನೆಯ ಸುತ್ತು, ಏನಾಯಿತು. ಮೊದಲ ಸಾಲು 1960ರ ಅಕ್ಟೋಬರ್ 29, ಊರು ಲೂಯಿವಿಲ್, ಟನಿ ಹನ್ಸೇಕರ್ ಮೇಲೆ ಗೆಲುವು. ಕೊನೆಯ ಸಾಲು 1981ರ ಡಿಸೆಂಬರ್ 11, ಬಹಾಮಾಸ್ ದ್ವೀಪ, ಟ್ರೆವರ್ ಬರ್ಬಿಕ್ ಕೈಯಲ್ಲಿ ಸೋಲು. ಜಗತ್ತೇ ತಲೆಯ ಮೇಲೆ ಹೊತ್ತ ಆಳಿನ ಪಟ್ಟಿ ಸೋಲಿನಲ್ಲಿ ಮುಗಿಯುತ್ತದೆ. ಯಾರೂ ಅದನ್ನು ತಿದ್ದಲು ಹೋಗಿಲ್ಲ.

ಐದು ಸೋಲುಗಳೂ ಅಲ್ಲಿ ಸಾಲಾಗಿ ನಿಂತಿವೆ: 1971ರಲ್ಲಿ ಜೋ ಫ್ರೇಜಿಯರ್, 1973ರಲ್ಲಿ ಕೆನ್ ನಾರ್ಟನ್, 1978ರಲ್ಲಿ ಲಿಯಾನ್ ಸ್ಪಿಂಕ್ಸ್, 1980ರಲ್ಲಿ ಲ್ಯಾರಿ ಹೋಮ್ಸ್, ಆಮೇಲೆ ಬರ್ಬಿಕ್. ನಾರ್ಟನ್ ಅಂದು ಅಲಿಯ ದವಡೆ ಮುರಿದಿದ್ದ. ಹೋಮ್ಸ್ ಒಂದು ಕಾಲಕ್ಕೆ ಅಲಿಗೇ ತಾಲೀಮಿನ ಜೊತೆಗಾರನಾಗಿದ್ದವನು. ಇವಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಪಟ್ಟಿಯ ನಡುವಿನ ಒಂದು ಖಾಲಿ ಜಾಗ. 1967ರ ಮಾರ್ಚ್‌ನಿಂದ 1970ರ ಅಕ್ಟೋಬರ್‌ವರೆಗೆ ಒಂದೂ ಕಾಳಗವಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆನೆಂದ ಅಲಿಯ ಪದವಿ ಕಿತ್ತುಕೊಂಡು, ಆಡದಂತೆ ಮಾಡಿದ ವರ್ಷಗಳವು. ಆ ಖಾಲಿಯೂ ಓದಲು ಸಿಗುವುದು ಸುತ್ತಲಿನ ಸಾಲುಗಳು ಭರ್ತಿಯಾಗಿರುವುದರಿಂದ.

ನಮ್ಮಲ್ಲಿ ಮುಷ್ಟಿಕಾಳಗವೇ ಇರಲಿಲ್ಲವೆಂದು ತಿಳಿಯಬೇಡಿ. ಮೈಸೂರಿನ ಜಟ್ಟಿಗಳ ವಜ್ರಮುಷ್ಟಿ ಇದೆಯಲ್ಲ, ಅದು ಬಾಕ್ಸಿಂಗಿಗಿಂತ ಹಳೆಯದು, ಅದಕ್ಕಿಂತ ಕಠೋರವಾದದ್ದು. 19ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಆ ಆಯುಧವನ್ನು ವರ್ಣಿಸಿದ್ದಾನೆ. ಎಮ್ಮೆಕೊಂಬಿನದು, ಬಲಗೈಗೆ ಹೊಂದುವಂತೆ ಮಾಡಿದ್ದು, ಬೆರಳ ಗೆಣ್ಣುಗಳಿರುವಲ್ಲಿ ನಾಲ್ಕು ಚೂಪು ಗುಬುಟು, ಕಿರುಬೆರಳಿನ ಬದಿಗೆ ಐದನೆಯದೊಂದು. ಬೇರೆ ಶಬ್ದ ತೋಚದೆ ಆತ ಅದಕ್ಕೆ ರೋಮನ್ ಮುಷ್ಟಿಮಲ್ಲರ ಕೈಪಟ್ಟಿಯ ಹೆಸರನ್ನೇ ಕೊಟ್ಟ. ಆಯುಧಕ್ಕೆ ಇಷ್ಟೆಲ್ಲ ವಿವರ ಕೊಟ್ಟವನು ಅದನ್ನು ತೊಟ್ಟ ಜಟ್ಟಿಯ ಹೆಸರು ಕೇಳಲಿಲ್ಲ.

ಅವನಿಗೂ ಮುನ್ನೂರು ವರ್ಷ ಹತ್ತಿರ ಮುಂಚೆ ಪೋರ್ಚುಗೀಸ ನೂನಿಜ್ ಇದೇ ಬಗೆಯ ಕಾಳಗವನ್ನು ವಿಜಯನಗರದಲ್ಲಿ ಕಂಡು ಬರೆದ. ನೂನಿಜ್ ನಮ್ಮ ಸೀಮೆಗೆ ಹೊರಗಿನವನಲ್ಲ. ಕೃಷ್ಣದೇವರಾಯ 1520ರಲ್ಲಿ ರಾಯಚೂರಿಗಾಗಿ ಮಾಡಿದ ಯುದ್ಧದ ದೀರ್ಘ ವರ್ಣನೆ ಅವನದೇ. ಗದ್ವಾಲ ಇರುವುದು ಅದೇ ಕೃಷ್ಣೆ-ತುಂಗಭದ್ರೆಯರ ನಡುಗಡ್ಡೆಯ ಪೂರ್ವ ತುದಿಯಲ್ಲಿ. ಹಬ್ಬದಲ್ಲಿ ರಾಯನ ಮುಂದೆ ಹೋರಾಡಲು ಸಾವಿರ ಮಲ್ಲರಿದ್ದರು, ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರು, ಅವರಿಗೆ ಬೇರಾವ ಚಾಕರಿಯೂ ಇರಲಿಲ್ಲ ಎನ್ನುತ್ತಾನೆ. ಮುಂದಿನ ಮಾತು ವಿಚಿತ್ರವಾಗಿದೆ: ಹೆಚ್ಚು ಗಾಯಗೊಂಡವನೇ ಹೋಗಿ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನಂತೆ. ಅಲಿಯ ಪಟ್ಟಿಯಲ್ಲಿ ಗಾಯಕ್ಕೆ ಬೇರೆ ಕಾಲಮು ಇಲ್ಲ. ವಿಜಯನಗರದಲ್ಲಿ ಅದೊಂದಕ್ಕೇ ಲೆಕ್ಕ!

ಇನ್ನೂ ಹಿಂದಕ್ಕೆ ಹೋದರೆ, ನಮ್ಮ ಈ ನೆಲವನ್ನೂ ಆಳಿದ ಕಲ್ಯಾಣ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಸಿಗುತ್ತಾನೆ. 1129ರ ಸುಮಾರಿನ ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆ. ಅವರ ಊಟ, ವ್ಯಾಯಾಮ ಎಲ್ಲಕ್ಕೂ ವಿಧಿ. ಜಟ್ಟಿ ಎಂಬ ಹೆಸರು ಜ್ಯೇಷ್ಠಿಯಿಂದಲೇ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿ ಇರುವುದು ಅಳತೆ: ಯಾವ ಮಲ್ಲ ಯಾವ ದರ್ಜೆ ಎಂಬುದು ಅರಮನೆಗೆ ಬೇಕಿತ್ತು, ಏಕೆಂದರೆ ಅವನನ್ನು ಸಾಕುವುದು ಅರಮನೆ. ಅವನು ಎಷ್ಟು ಗೆದ್ದ, ಎಷ್ಟು ಸೋತ ಎಂಬುದು ಬೇಕಿರಲಿಲ್ಲ.

ಹಾಗಾದರೆ ಕಾದಿದವನ ಹೆಸರನ್ನು ನಮ್ಮವರು ಬರೆದೇ ಇಲ್ಲವೇ? ಬರೆದಿದ್ದಾರೆ, ಕಲ್ಲಿನಲ್ಲಿ. ವೀರಗಲ್ಲಿನ ಕೆಳಗಿನ ಅಂಕಣದಲ್ಲಿ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಶಿವನ ಸನ್ನಿಧಿ. ವೀರ ನೂರು ಕಾಳಗ ಗೆದ್ದಿರಬಹುದು, ಕಲ್ಲಿಗೆ ಏರುವುದು ಸಾಮಾನ್ಯವಾಗಿ ಕೊನೆಯದೊಂದೇ, ಅದೂ ಅವನು ಮಡಿದದ್ದು. ಸೋಲನ್ನೇ ಗೆಲುವೆಂದು ಬರೆದ ಲೆಕ್ಕವಿದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 10ನೆಯ ಶತಮಾನದ ಕಲ್ಲೊಂದು ಸಿಕ್ಕಿದೆ. ಮಣಲೇರನ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಒಡೆಯನು ನಾಯಿಗೆ ಕಲ್ಲು ನಿಲ್ಲಿಸಿದ. ನಮ್ಮ ಜಾತ್ರೆಯ ಪೈಲ್ವಾನನಿಗಿಂತ ಆ ಕಾಳಿಯ ಪುಣ್ಯ ದೊಡ್ಡದು.

ಕರಾವಳಿಯ ನಿಮ್ಮಲ್ಲಿ ಈ ಕೆಲಸವನ್ನು ಹಾಡು ಮಾಡಿದೆ. ವಡಕ್ಕನ್ ಪಾಟ್ಟಿನಲ್ಲಿ ಆರೋಮಲ್ ಚೇಕವರನ ಅಂಕ ಉಳಿದಿದೆ, ಪಾಡ್ದನದಲ್ಲಿ ಕೋಟಿ-ಚೆನ್ನಯರ ಹೋರಾಟಗಳು ಉಳಿದಿವೆ. ಗರಡಿಗಳಲ್ಲಿ ಅವರಿಗೆ ಪೂಜೆಯೂ ಇದೆ. ಆದರೆ ಗಮನಿಸಿ: ಆರೋಮಲ್ ಆಗಲಿ, ಈ ಅಣ್ಣತಮ್ಮಂದಿರಾಗಲಿ ಹಾಡಿನಲ್ಲಿ ಎದುರಾಳಿಗೆ ನೇರವಾಗಿ ಸೋಲುವುದಿಲ್ಲ, ಮೋಸಕ್ಕೆ ಬಲಿಯಾಗುತ್ತಾರೆ. ತಾನು ಪ್ರೀತಿಸಿದವನು ಸುಮ್ಮನೆ ಸೋತನೆಂದು ಹೇಳಲು ಹಾಡಿಗೆ ಬಾಯಿ ಬರುವುದಿಲ್ಲ. ಅದು ಒಣ ಪಟ್ಟಿಗೆ ಮಾತ್ರ ಸಾಧ್ಯ. ಹಾಡು ಎಷ್ಟೇ ಚೆಂದವಿರಲಿ, ಈ ಒಂದು ವಿಷಯದಲ್ಲಿ ನಾನು ಪಟ್ಟಿಯ ಪಕ್ಷ.

ಗಡಿಯವರಾದ ನಮಗೆ ಇದು ಬರೀ ಆಟದ ಮಾತಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ರಾಯಚೂರು ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿತು, ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳನ್ನು ಬಿಟ್ಟು. ಅದೇ ವರ್ಷ ಕಾಸರಗೋಡಿಗೆ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ. ಗದ್ವಾಲದವರ ಸೋಲು ಹೀಗೆ ಕಾಯ್ದೆಯ ಒಂದು ಸಾಲಿನಲ್ಲಾದರೂ ಹೆಸರು ಸಮೇತ ಇದೆ. ಮಕ್ತಲ್, ನಾರಾಯಣಪೇಟೆ ಮೊದಲೇ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದುದರಿಂದ ಆ ಸಾಲಿನಲ್ಲೂ ನಮ್ಮ ಹೆಸರಿಲ್ಲ. ಮನೆಯಲ್ಲಿ ಕನ್ನಡವಾಡುವ ನಾವು ಅಖಾಡಕ್ಕೆ ಇಳಿದದ್ದೇ ದಾಖಲಾಗಲಿಲ್ಲ. 2019ರಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾದದ್ದು ಬೇರೆ ಮಾತು.

ವಜ್ರಮುಷ್ಟಿ ಕಾಳಗ ಈಗಲೂ ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುತ್ತದೆ. ತಲೆ ಬೋಳಿಸಿಕೊಂಡ ಎರಡು ಜೋಡಿ ಜಟ್ಟಿಗಳು, ಮೊದಲ ಹನಿ ರಕ್ತ ಕಂಡೊಡನೆ ಉಸ್ತಾದರು ಬಿಡಿಸುತ್ತಾರೆ. ಎಷ್ಟೋ ಸಲ ನಿಮಿಷವೂ ಹಿಡಿಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳು ನಾಲ್ವರ ಹೆಸರನ್ನೂ ಊರನ್ನೂ ಅಚ್ಚು ಮಾಡುತ್ತಿವೆ: ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರು. ಯಾರ ತಲೆಯಿಂದ ರಕ್ತ ಬಂತೆಂಬುದನ್ನೂ ಬರೆಯುತ್ತಾರೆ. ಆ ತುಣುಕುಗಳನ್ನು ವರ್ಷವಾರು ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸಿದರೆ ಜಟ್ಟಿಗಳದೂ ಒಂದು ಪಟ್ಟಿಯಾಗುತ್ತದೆ.