ನಳಕ್ಕೂ ತಂಬಿಗೆಗೂ ನಡುವೆ: ಹುಬ್ಬಳ್ಳಿ–ಧಾರವಾಡದ ನೀರಿನ ಅಧ್ಯಯನ ಕುರಿತು ಒಂದು ಟಿಪ್ಪಣಿ

ಹುಬ್ಬಳ್ಳಿ–ಧಾರವಾಡದ ಬಹುಪಾಲು ಓಣಿಗಳಿಗೆ ಈ ಅಧ್ಯಯನ ನಡೆದ ದಿನಗಳಲ್ಲಿ ನಳದ ನೀರು ಬರುತ್ತಿದ್ದುದು ಹಲವು ದಿನಗಳಿಗೊಮ್ಮೆ, ಅದೂ ಕೆಲವೇ ತಾಸು. 2007–08ರ ಹೊತ್ತಿಗೆ ಎಂಟು ವಾರ್ಡುಗಳಲ್ಲಿ ಮಾತ್ರ ಹೊಸ ಪೈಪು ಹಾಕಿ ಹಗಲೂ ರಾತ್ರಿ ನೀರು ಬಿಡತೊಡಗಿದರು. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ಎರಡೂ ಬಗೆಯ ವಾರ್ಡುಗಳನ್ನು ಜೋಡಿಸಿಟ್ಟು, 3,922 ಮನೆಗಳನ್ನು ಗಮನಿಸಿದರು. ಆಯ್ಸೆ ಎರ್ಕುಮೆನ್ ಮತ್ತು ಸಂಗಡಿಗರ ಆರೋಗ್ಯ ವರದಿ 2015ರಲ್ಲಿ ‘ಪ್ಲಾಸ್ ಮೆಡಿಸಿನ್’ನಲ್ಲಿ ಬಂತು.

ನಳದಲ್ಲೇ ಹಿಡಿದ ನೀರಿನ ಮಟ್ಟಿಗೆ ವ್ಯತ್ಯಾಸ ಕಣ್ಣಿಗೆ ಹೊಡೆಯುವಂಥದು. ಅದೇ ತಂಡದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಅವರ ಪರೀಕ್ಷೆಯಲ್ಲಿ, ಬಿಟ್ಟು ಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ಶೇ. 31.7ರಲ್ಲಿ ಮಲಿನತೆಯ ಕುರುಹಾದ ಇ. ಕೊಲಿ ಬ್ಯಾಕ್ಟೀರಿಯಾ ಇತ್ತು, ನಿರಂತರ ನೀರಿನಲ್ಲಿ ಶೇ. 0.7. ಕಾರಣ ಸರಳ. ಪೈಪು ಬರಿದಾದಾಗ ಒಳಗಿನ ಒತ್ತಡ ಇಲ್ಲವಾಗುತ್ತದೆ, ಸಡಿಲ ಜಾಯಿಂಟುಗಳಿಂದ ಗಟಾರದ ನೀರು ಒಳಗೆ ಇಳಿಯುತ್ತದೆ. ಹಾಗಾಗಿ ನೀರು ಸರಬರಾಜು ಮತ್ತು ಒಳಚರಂಡಿಯನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟು ಯೋಚಿಸುವುದು ತಪ್ಪು ಎಂದೇ ನನ್ನ ಎಣಿಕೆ. ಮಣ್ಣಿನಡಿ ಅವೆರಡೂ ನೆರೆಹೊರೆ.

ಆರೋಗ್ಯದ ಫಲಿತಾಂಶವನ್ನು ಹೇಳುವಾಗ ಎಚ್ಚರ ಬೇಕು. ಐದು ವರ್ಷದೊಳಗಿನ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಎರಡೂ ಕಡೆ ಗಣನೀಯ ಅಂತರ ಕಾಣಲಿಲ್ಲ. ಆದರೆ ನಿರಂತರ ನೀರಿನ ವಾರ್ಡುಗಳಲ್ಲಿ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಶೇ. 37ರಷ್ಟು ಕಡಿಮೆಯಿತ್ತು. ಅದೇ ವಾರ್ಡುಗಳಲ್ಲಿ ಟೈಫಾಯ್ಡ್ ಬಂತೆಂದು ಹೇಳಿದ ಮನೆಗಳೂ ಶೇ. 42ರಷ್ಟು ಕಡಿಮೆ. ‘ಇಪ್ಪತ್ನಾಲ್ಕು ತಾಸು ನೀರು ಬಂದರೆ ರೋಗ ಹೋಗುತ್ತದೆ’ ಎಂದು ಸಾರುವವರೂ ‘ಏನೂ ಆಗಲಿಲ್ಲ’ ಎನ್ನುವವರೂ ಇದರಲ್ಲಿ ಅರ್ಧವನ್ನಷ್ಟೇ ಓದಿದ್ದಾರೆ. ಭೇದಿಗೆ ಕೈ, ಆಹಾರ, ನೊಣ ಹೀಗೆ ದಾರಿಗಳು ಹಲವು, ನಳ ಅವುಗಳಲ್ಲೊಂದು. ಕೊಡದಲ್ಲಿ ತುಂಬಿಟ್ಟ ನೀರು ನಳದ ನೀರಿಗಿಂತ ಹೆಚ್ಚು ಕೆಡುತ್ತದೆ ಎಂಬುದೂ ಅಲ್ಲಿಯೇ ಕಂಡುಬಂದ ಸಂಗತಿ.

ಮಾದರಿ ಕೊಟ್ಟ ಮನೆಗೆ ಇದರಲ್ಲಿ ಯಾವುದು ತಲುಪಬೇಕು? ಶೇಕಡಾವಾರು ಲೆಕ್ಕ ಅಡುಗೆಮನೆಗೆ ಹೋಗುವುದಿಲ್ಲ. ನೀರು ಬಂದ ಕೂಡಲೇ ಮೊದಲ ಕೆಂಪು ನೀರನ್ನು ಬಟ್ಟೆ ಒಗೆಯಲು, ಅಂಗಳಕ್ಕೆ ಬಿಟ್ಟು, ಆಮೇಲೆ ಕುಡಿಯುವ ಕೊಡ ಇಡುವುದು ಹಲವು ಮನೆಗಳ ಹೆಣ್ಣುಮಕ್ಕಳ ಹಳೆಯ ರೂಢಿ. ಕುಂಪೆಲ್ ಮತ್ತು ನೆಲ್ಸನ್ 2014ರಲ್ಲಿ ಪ್ರಕಟಿಸಿದ ಅಳತೆಗಳು ಆ ರೂಢಿಯನ್ನು ಸಮರ್ಥಿಸುತ್ತವೆ: ಮೊದಲ ನೀರಿನಲ್ಲಿ ಕದಡೂ ಹೆಚ್ಚು, ಬ್ಯಾಕ್ಟೀರಿಯಾವೂ ಹೆಚ್ಚು. ಅಧ್ಯಯನ ಹೊಸದಾಗಿ ಸೇರಿಸಿದ್ದು ಇನ್ನೊಂದು ಮಾತನ್ನು: ಒತ್ತಡ ಇಳಿದ ಹೊತ್ತಿನ ನೀರಿನಲ್ಲೂ ಮಲಿನತೆಯ ಕುರುಹು ಹೆಚ್ಚು. ಧಾರೆ ಸಣ್ಣಗಾದ ಮೇಲೆ, ನೀರು ಎಷ್ಟೇ ತಿಳಿಯಾಗಿ ಕಂಡರೂ, ಅದನ್ನು ಕುಡಿಯುವ ಕೊಡಕ್ಕೆ ಹಿಡಿಯದಿರುವುದು ಲೇಸು. ವಾರ್ಡಿನ ಆಶಾ ಕಾರ್ಯಕರ್ತೆ ನಳದ ಮುಂದೆ ನಿಂತು ಎರಡೇ ಮಾತಿನಲ್ಲಿ ಇದನ್ನು ತೋರಿಸಿಕೊಡಬಹುದು: ಜೋರಾಗಿ ಬರುವ ನಡುವಿನ ನೀರು ಕುಡಿಯಲು, ಮೊದಲಿನದೂ ಕೊನೆಯದೂ ಬಳಸಲು.