ಕೆಂಪು ದಿಬ್ಬ, ಎರೆ ಹೊಲ: ಬೀದರ್ ಮಣ್ಣು ಮತ್ತು ದ್ರಾಕ್ಷಿ

ಬೀದರ್ ಕೋಟೆಗೆ ಹೋದವರೆಲ್ಲ ರೀಲ್ಸ್ ಮಾಡೋದು ಮೂರು ಸಾಲಿನ ಕಂದಕದ ಹತ್ರ. ಅದು ಕಟ್ಟಿದ್ದಲ್ಲ, ಕಡಿದದ್ದು. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕೊರೆದು ಮಾಡಿದ್ದು. ಇವತ್ತಿನ ಮಾತು ಆ ಬಂಡೆಯಿಂದಲೇ ಶುರು. ನಾಸಿಕ್‌ನಲ್ಲಿ ವೈನ್ ದ್ರಾಕ್ಷಿ ಬೆಳೀತದ, ನಮ್ಮದೂ ಅದೇ ದಖ್ಖನ್. ಹಾಗಿದ್ರೆ ಭಾಲ್ಕಿ, ಔರಾದ್‌ನಲ್ಲಿ ತೊಗರಿ, ಉದ್ದು, ಸೋಯಾ, ಕಬ್ಬೇ ಯಾಕೆ?

ದಖ್ಖನ್‌ಗೆ ದ್ರಾಕ್ಷಿ ಹೊಸದೇನಲ್ಲ. 14ನೇ ಶತಮಾನದಲ್ಲಿ ದೌಲತಾಬಾದ್‌ಗೆ ಬಂದ ಇಬ್ನ್ ಬತೂತಾ, ಅಲ್ಲಿ ದ್ರಾಕ್ಷಿ, ದಾಳಿಂಬೆ ವರ್ಷಕ್ಕೆ ಎರಡು ಸಲ ಹಣ್ಣು ಕೊಡ್ತವೆ ಅಂತ ಬರೆದಿದ್ದಾನೆ. ಮುಂದಿನ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಇರಾನಿನಿಂದ ಸೂಫಿಗಳು, ವ್ಯಾಪಾರಿಗಳು ಬಂದರು. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕೂಡ ಇರಾನಿನ ಗಿಲಾನ್‌ನವನು.

ಇರಾನಿನ ಜನ ತಂದ ದೊಡ್ಡ ವಿದ್ಯೆ ಅಂದ್ರೆ ಕರೇಜ್, ನಮ್ಮ ಬಾಯಲ್ಲಿ ಸುರಂಗ ಬಾವಿ. ಬೀದರ್ ದಿಬ್ಬದ ಮೇಲ್ಪದರ ಜಂಬಿಟ್ಟಿಗೆ, ತೂತು ತೂತು. ಮಳೆ ನೀರು ಸರ್ರಂತ ಒಳಗೆ ಇಳೀತದ. ಅಡಿಗಿರೋದು ಗಟ್ಟಿ ಬಸಾಲ್ಟ್, ಅಲ್ಲಿ ನೀರು ತಡೆದು ಪಕ್ಕಕ್ಕೆ ಹರೀತದ. ಆ ನೀರನ್ನು ಸುರಂಗ ತೋಡಿ, ಇಳಿಜಾರಲ್ಲೇ ಊರಿಗೆ ತಂದರು. ನೌಬಾದ್‌ನಲ್ಲಿ ಇಂದಿಗೂ ನೋಡಬಹುದು. ಪಂಪಿಲ್ಲ, ಕರೆಂಟಿಲ್ಲ!

ದಿಬ್ಬ ಇಳಿದು ಭಾಲ್ಕಿ, ಔರಾದ್ ಕಡೆ ಹೋಗಿ, ಕತೆ ತಿರುವು ಮುರುವು. ಅಲ್ಲಿ ಬಹುಪಾಲು ಎರೆ ಭೂಮಿ. ಬಸಾಲ್ಟ್ ಕರಗಿ ಆದ ಜಿಗಟು ಮಣ್ಣು, ಮಳೆಗೆ ಉಬ್ಬಿ ರಂಧ್ರ ಮುಚ್ಚಿಕೊಳ್ತದ, ಬೇಸಿಗೆಗೆ ಬಿರುಕು ಬಿಡ್ತದ. ಹಿಂಗಾರಿ ಜೋಳ, ಕಡಲೆಗೆ ಇದು ವರ. ಮಳೆ ನಿಂತ ಮೇಲೂ ಒಳಗಿನ ತೇವದಲ್ಲೇ ಬೆಳೆ ಬರ್ತದ. ದ್ರಾಕ್ಷಿಗೆ ಅದೇ ತೇವ ಕುತ್ತು, ನೀರು ನಿಂತರೆ ಬೇರಿಗೆ ಉಸಿರುಕಟ್ತದ. ಇಲ್ಲಿ ಹಣ್ಣಿನ ಚಾಟ್ನಿ ಅಕ್ಟೋಬರ್‌ದು. ಸೆಪ್ಟೆಂಬರ್ ಮಳೆ ಜೋರಾದ ವರ್ಷ ಬಳ್ಳಿ ಹಸಿ ಮಣ್ಣಲ್ಲೇ ಚಿಗುರಬೇಕು. ಇನ್ನು ಎರೆ ಮಣ್ಣಿನ ಸುಣ್ಣದ ಹರಳು ಕಬ್ಬಿಣದ ಅಂಶವನ್ನು ಬಳ್ಳಿಗೆ ಸಿಗದಂತೆ ಹಿಡಿದಿಡ್ತದ. ನರ ಹಸಿರು, ಎಲೆ ಹಳದಿ. ಎಲೆ ಸೊರಗಿದರೆ ಗೊಂಚಲೂ ಸೊರಗುತ್ತೆ.

ಹಂಗಂತ ಎರೆಯಲ್ಲಿ ದ್ರಾಕ್ಷಿ ಆಗೋದೇ ಇಲ್ಲ ಅನ್ನೋದು ತಪ್ಪು. ವಿಜಯಪುರದವರು ಬೆಳೀತಾರೆ. ಉಪ್ಪು, ಬರ ತಡೆಯೋ ಡಾಗ್‌ರಿಡ್ಜ್ ಬೇರುಸಸಿಗೆ ಕಸಿ ಕಟ್ಟಿ, ಹನಿ ನೀರಾವರಿ ಹಾಕಿ. ಆಳವಾದ ಎರೆಗಿಂತ ಅಡಿಗೆ ಮುರಂ ಇರೋ ತೆಳು ಮಣ್ಣು ವಾಸಿ. ವೈನ್ ದ್ರಾಕ್ಷಿಗಂತೂ ಇನ್ನೂ ವಾಸಿ: ಕೊಬ್ಬಿದ ಮಣ್ಣಲ್ಲಿ ಬಳ್ಳಿ ಎಲೆಗೇ ಓಡ್ತದ, ಇಳುವರಿ ಹೆಚ್ಚಾದ್ರೂ ರಸ ತೆಳು. ಟನ್ ಲೆಕ್ಕದಲ್ಲಿ ದುಡ್ಡು ಎಣಿಸೋ ರೈತನಿಗೆ ಇದು ಕಹಿ ಮಾತು, ನಿಜ.

2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು. ಆದ್ರೆ ನೀತಿ ಇಡೀ ರಾಜ್ಯಕ್ಕೆ ಒಂದೇ, ಮಣ್ಣು ಹೊಲದಿಂದ ಹೊಲಕ್ಕೆ ಬೇರೆ. ಕಾರಂಜಾ ನೀರು ಸಿಗೋ ಭಾಲ್ಕಿ ರೈತ ಕಬ್ಬಿಗೆ ಹೋದ. ಮಳೆ ನಂಬಿದ ಔರಾದ್ ರೈತ ಬೇಳೆಕಾಳಿಗೇ ಉಳಿದ. ಚಪ್ಪರಕ್ಕೆ ಲಕ್ಷಗಟ್ಟಲೆ ಸಾಲ ಮಾಡೋ ಯೋಚನೆ ಇದ್ರೆ, ಮೊದಲು ಮಳೆಗಾಲದಲ್ಲಿ ಮೂರಡಿ ಗುಂಡಿ ತೋಡಿ, ನೀರು ತುಂಬಿಸಿ, ಮಾರನೇ ದಿನ ಹೋಗಿ ನೋಡಿ. ನೀರು ಹಂಗೇ ನಿಂತಿದ್ರೆ, ಆ ಹೊಲಕ್ಕೆ ತೊಗರಿನೇ ಸರಿ.