ಗುಂಡಿನ ಗಾತ್ರವೂ ಬೇಟೆಗಾರನ ಹೊಣೆಯೂ

ನಮ್ಮ ನೀತಿಶಾಸ್ತ್ರಕಾರರು ಮೃಗಯೆಯನ್ನು ಅರಸರ ವ್ಯಸನಗಳಲ್ಲಿ ಒಂದೆಂದು ಎಣಿಸಿದ್ದಾರೆ. ಆದರೂ ಕನ್ನಡನಾಡಿನ ಇತಿಹಾಸದಲ್ಲಿ ಬೇಟೆಗೆ ಗೌರವದ ಸ್ಥಾನವೇ ದೊರೆತಿದೆ. ಹೊಯ್ಸಳರ ಲಾಂಛನದಲ್ಲಿ ಸಳನು ಇಂದಿಗೂ ಹುಲಿಯೊಡನೆ ಕಾದುತ್ತಿದ್ದಾನೆ. ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದ ಕಾಳಿಯೆಂಬ ನಾಯಿಯ ಸ್ಮರಣೆಯನ್ನು ಹತ್ತನೆಯ ಶತಮಾನದ ಆತಕೂರಿನ ಕಲ್ಲು ಉಳಿಸಿಕೊಂಡಿದೆ. ಈ ಎರಡು ಚಿತ್ರಗಳಲ್ಲಿಯೂ ಬೇಟೆಯಾಡುವವರಿಗೂ ಮೃಗಕ್ಕೂ ನಡುವೆ ಅಂತರವಿಲ್ಲ; ಅಪಾಯವು ಇಬ್ಬರಿಗೂ ಸಮ. ಬಂದೂಕು ಬಂದ ಮೇಲೆ ಈ ಸಮತೆ ತಪ್ಪಿತು. ಬೇಟೆಗಾರನು ದೂರ ಸರಿದನು. ಗುಂಡು ಅವನ ಪರವಾಗಿ ಹೋಗಿ ಕೆಲಸ ಮಾಡಬೇಕಾಯಿತು. ಆ ಗುಂಡು ಎಷ್ಟು ದಪ್ಪವಿರಬೇಕು, ಎಷ್ಟು ತೂಕವಿರಬೇಕು, ಎಷ್ಟು ವೇಗದಿಂದ ಓಡಬೇಕು ಎಂಬ ಪ್ರಶ್ನೆಯು ಅಂದು ಹುಟ್ಟಿತು. ಈ ಪ್ರಶ್ನೆಗೆ ನೂರು ವರ್ಷಗಳಲ್ಲಿ ದೊರೆತ ಉತ್ತರಗಳನ್ನು ನಾವು ಈ ಹೊತ್ತು ವಿಚಾರಮಾಡೋಣ.

ಮೊದಲು ಅಳತೆಯ ಮಾತು. ಹಳೆಯ ಕಾಲದವರು ನಳಿಗೆಯ ಬಾಯನ್ನು ಅಂಗುಲದಿಂದ ಅಳೆಯದೆ ಸೀಸದಿಂದ ಅಳೆಯುತ್ತಿದ್ದರು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮಭಾಗಮಾಡಿ ಗುಂಡುಗಳನ್ನು ಎರಕಹೊಯ್ದರೆ, ಅಂತಹ ಒಂದು ಗುಂಡು ಹಿಡಿಸುವ ನಳಿಗೆಯು 12ರ ಬೋರು. ಎಂಟು ಭಾಗಮಾಡಿದರೆ 8ರ ಬೋರು. ನಾಲ್ಕು ಮಾಡಿದರೆ 4ರ ಬೋರು. ಆದುದರಿಂದ ಸಂಖ್ಯೆ ಇಳಿದಷ್ಟೂ ಗುಂಡು ದೊಡ್ಡದು. 4ರ ಬೋರಿನ ಗುಂಡು ಕಾಲು ಪೌಂಡು ತೂಗುತ್ತಿತ್ತು. ಅದರ ಅಡ್ಡಳತೆ ಒಂದು ಅಂಗುಲಕ್ಕಿಂತಲೂ ತುಸು ಹೆಚ್ಚು. ಇಷ್ಟು ದೊಡ್ಡ ಗುಂಡು ಏತಕ್ಕೆಂದು ಇಂದಿನವರು ಕೇಳಬಹುದು. ಕಪ್ಪುಮದ್ದಿನ ಶಕ್ತಿಗೆ ಒಂದು ಮಿತಿಯುಂಟು. ಮದ್ದನ್ನು ಎಷ್ಟು ತುಂಬಿದರೂ ಗುಂಡಿನ ವೇಗವು ಒಂದು ಮಟ್ಟವನ್ನು ಮೀರಿ ಏರದು. ವೇಗವನ್ನು ಹೆಚ್ಚಿಸಲಾರದವನು ತೂಕವನ್ನು ಹೆಚ್ಚಿಸಬೇಕಾಯಿತು, ಬೇರೆ ದಾರಿಯಿರಲಿಲ್ಲ.

ಈ ದಾರಿಯಲ್ಲಿ ಅತಿ ದೂರ ನಡೆದವನು ಸ್ಯಾಮ್ಯುಯೆಲ್ ಬೇಕರನು. ಸಿಂಹಳದ್ವೀಪದ ಆನೆಗಳ ಬೇಟೆಗಾಗಿ ಅವನು ಬ್ರಿಸ್ಟಲ್ ನಗರದ ಗಿಬ್ಸ್ ಎಂಬ ಕಸಬುದಾರನಿಂದ 21 ಪೌಂಡು ತೂಕದ ರೈಫಲನ್ನು ಮಾಡಿಸಿದನು. ಒಂದೊಂದು ಈಡಿಗೂ ಅದಕ್ಕೆ 16 ಡ್ರಾಮು, ಎಂದರೆ ಒಂದು ಔನ್ಸು, ಮದ್ದು ಬೇಕಾಗುತ್ತಿತ್ತು. ಅಷ್ಟಕ್ಕೂ ತೃಪ್ತನಾಗದೆ ಮುಂದೆ ಆಫ್ರಿಕಕ್ಕೆ ಹೋದಾಗ ಅರ್ಧ ಪೌಂಡಿನ ಸಿಡಿಗುಂಡನ್ನು ಹಾರಿಸುವ ಮತ್ತೊಂದನ್ನು ಒಯ್ದನು. ಅಲ್ಲಿನ ಅರಬರು ಅದಕ್ಕೆ ಫಿರಂಗಿಯ ಮಗುವೆಂದು ಹೆಸರಿಟ್ಟರು. ಅದು ತನ್ನನ್ನೇ ಗಿರ್ರನೆ ತಿರುಗಿಸಿಬಿಡುತ್ತಿತ್ತೆಂದೂ, ಅದನ್ನು ಹಾರಿಸಲು ತಾನೇ ಅಂಜುತ್ತಿದ್ದೆನೆಂದೂ ಬೇಕರನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ತನ್ನ ಒಡೆಯನನ್ನೇ ಅಂಜಿಸುವ ಆಯುಧವು ಗುರಿಯನ್ನು ಕೆಡಿಸುತ್ತದೆ. ಗಾತ್ರದ ಪಾಠದೊಡನೆ ಈ ಪಾಠವನ್ನೂ ಆ ಕಾಲವು ಕಲಿಯಿತು.

ನಮ್ಮ ಮೈಸೂರು ಸೀಮೆಯಲ್ಲಿ ಈ ವಿಚಾರವನ್ನು ಅನುಭವದಿಂದ ಬರೆದಿಟ್ಟವನು ಸ್ಯಾಂಡರ್ಸನ್. ಚಾಮರಾಜನಗರದ ಸುತ್ತಣ ಕಾಡುಗಳಲ್ಲಿ ನೆಲಸಿ, ಕನ್ನಡವನ್ನು ಕಲಿತು, 1874ರಲ್ಲಿ ಖೆಡ್ಡಾದಿಂದ ಆನೆಗಳ ಹಿಂಡನ್ನು ಹಿಡಿದವನು ಅವನೇ. ಅವನ ಗ್ರಂಥವು 1878ರಲ್ಲಿ ಅಚ್ಚಾಯಿತು. ಗಟ್ಟಿಮಾಡಿದ ಸೀಸದ ಗುಂಡಿನಿಂದ 12ರ ಬೋರು ಆನೆಯನ್ನು ಕೊಲ್ಲಬಹುದೆಂಬುದು ಅವನಿಗೆ ಗೊತ್ತಿತ್ತು. ಆದರೆ ಕೊಲ್ಲಬಹುದೆಂಬುದು ಒಂದು ಮಾತು. ಮೈಮೇಲೆ ಬಂದದ್ದನ್ನು ನಿಲ್ಲಿಸಬಹುದೆಂಬುದು ಇನ್ನೊಂದು ಮಾತು. ಈ ಭೇದವನ್ನರಿತ ಅವನು 4ರ ಮತ್ತು 8ರ ಬೋರಿನ ಭಾರಿ ಕೋವಿಗಳ ಪಕ್ಷವನ್ನೇ ಹಿಡಿದನು. ಕಾಟಿಯ ಹೆಗಲಿನ ಮಾಂಸದ ದಪ್ಪವನ್ನೂ, ಆನೆಯ ತಲೆಬುರುಡೆಯಲ್ಲಿ ಮಿದುಳನ್ನು ಮರೆಮಾಡಿರುವ ಜೇನುಹುಟ್ಟಿನಂತಹ ಎಲುಬನ್ನೂ ಕಂಡವರಿಗೆ ಅವನ ಮಾತು ಅತಿಶಯವೆಂದು ತೋರದು.

ಇದೇ ಕಾಲದಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರಿನ ರೈಫಲುಗಳು ಪ್ರಚಾರಕ್ಕೆ ಬಂದವು. ರೈಲುಬಂಡಿಯ ವೇಗವನ್ನು ನೆನೆದು ಇಟ್ಟ ಹೆಸರದು. ಹಗುರವಾದ, ಮೂತಿಯಲ್ಲಿ ಟೊಳ್ಳಾದ ಗುಂಡು. ಅದರ ಹಿಂದೆ ಯಥೇಚ್ಛ ಮದ್ದು. ಜಿಂಕೆಗೂ ಚಿರತೆಗೂ ಇದು ಸಿಡಿಲಿನಂತಿತ್ತು. ಆದರೆ ದಪ್ಪ ಚರ್ಮದ ಮೃಗಕ್ಕೆ ತಾಗಿದರೆ ಗುಂಡು ಮೇಲೆಯೇ ಒಡೆದು ಚೂರಾಗುತ್ತಿತ್ತು, ಪ್ರಾಣಸ್ಥಾನಕ್ಕೆ ಮುಟ್ಟುತ್ತಿರಲಿಲ್ಲ. ಮೃಗವು ಗಾಯಗೊಂಡು ಕಾಡಿಗೆ ನುಗ್ಗುತ್ತಿತ್ತು. ಗುಂಡಿನ ಗಾತ್ರದಷ್ಟೇ ಗುಂಡಿನ ರಚನೆಯೂ ಮುಖ್ಯವೆಂಬುದು ಇದರಿಂದ ಸಿದ್ಧವಾಯಿತು.

ನಿಜವಾದ ಕ್ರಾಂತಿಯನ್ನು ಮಾಡಿದುದು ಮದ್ದು. 1884ರಲ್ಲಿ ಫ್ರಾನ್ಸಿನ ವಿಯೆಯ್ಲ್ ಎಂಬ ವಿಜ್ಞಾನಿಯು ಹೊಗೆಯಿಲ್ಲದ ಮದ್ದನ್ನು ಸಾಧಿಸಿದನು. 1889ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಹೊರಬಂತು. 1898ರಲ್ಲಿ ಲಂಡನ್ನಿನ ರಿಗ್ಬಿ ಸಂಸ್ಥೆಯು .450 ಅಂಗುಲದ ಜೋಡಿನಳಿಗೆಯ ನೈಟ್ರೋ ಎಕ್ಸ್‌ಪ್ರೆಸ್ ರೈಫಲನ್ನು ಹೊರತಂದಿತು. ಅದರ ಗುಂಡು 480 ಗ್ರೇನು, ಎಂದರೆ ಒಂದು ಔನ್ಸಿಗಿಂತ ಸ್ವಲ್ಪವೇ ಹೆಚ್ಚು; ವೇಗವು ಸೆಕೆಂಡಿಗೆ ಸುಮಾರು 2150 ಅಡಿ. ಉದ್ದವಾದ ಈ ಗುಂಡಿಗೆ ಗಟ್ಟಿಲೋಹದ ಕವಚವಿದ್ದುದರಿಂದ ಅದು ಒಡೆಯದೆ ನೇರವಾಗಿ ಒಳಹೊಕ್ಕುತ್ತಿತ್ತು. ಕಾಲು ಪೌಂಡಿನ ಸೀಸದುಂಡೆಯು ಮಾಡುತ್ತಿದ್ದ ಕೆಲಸವನ್ನು ಈ ಚಿಕ್ಕ ಗುಂಡು ಇನ್ನೂ ಚೆನ್ನಾಗಿ ಮಾಡಿತು. ಕಣ್ಣಿಗೆ ಕವಿಯುತ್ತಿದ್ದ ಹೊಗೆಯೂ ತಪ್ಪಿದುದರಿಂದ ಎರಡನೆಯ ಈಡಿಗೆ ಗುರಿಯು ಕಾಣುವಂತಾಯಿತು. ಹುಲಿಯಂತಹ ಮೆದುಚರ್ಮದ ಮೃಗಕ್ಕೆ ಮೂತಿ ಬಿಚ್ಚಿದ ಗುಂಡು, ಆನೆಗೆ ಪೂರ್ತಿ ಕವಚದ ಗುಂಡು ಎಂಬ ಕಟ್ಟಳೆಯೂ ನೆಲೆಗೊಂಡಿತು.

ಇಲ್ಲಿ ರಾಜಕಾರಣವೂ ಕೈಹಾಕಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ಬಾಯಿಯೂ .450ರದೇ ಆಗಿತ್ತು. ಬೇಟೆಯ ತೋಟಾಗಳಿಂದ ತೆಗೆದ ಗುಂಡುಗಳು ದಂಗೆಕೋರರ ಬಂದೂಕುಗಳಿಗೆ ಆಹಾರವಾದಾವೆಂಬ ಶಂಕೆಯಿಂದ ಬ್ರಿಟಿಷ್ ಸರಕಾರವು 1907ರ ಹೊತ್ತಿಗೆ ಹಿಂದೂಸ್ಥಾನದಲ್ಲಿ ಆ ಅಳತೆಯನ್ನು ನಿಷೇಧಿಸಿತು. ಬಂದೂಕು ಮಾಡುವವರು ಸುಮ್ಮನೆ ಕುಳಿತಾರೆಯೇ? .465, .470, .475, .476 ಎಂದು ಕೂದಲೆಳೆಯ ಭೇದದ ಅಳತೆಗಳು ಸಾಲಾಗಿ ಬಂದವು. ಮೃಗಕ್ಕೆ ಇವುಗಳಲ್ಲಿ ಯಾವ ಭೇದವೂ ತಿಳಿಯುವಂತಿರಲಿಲ್ಲ. ಕಾನೂನಿಗೆ ಮಾತ್ರ ತಿಳಿಯುತ್ತಿತ್ತು. ಈ ಅಳತೆಗಳಲ್ಲಿ ಎಷ್ಟೋ ಇಂದಿಗೂ ಬಳಕೆಯಲ್ಲಿವೆ. ಅವು ಹುಟ್ಟಿದ ಕಾರಣವನ್ನು ಅರಿತವರು ವಿರಳ. ಮುಂದೆ 1912ರಲ್ಲಿ ಹಾಲೆಂಡ್ ಮತ್ತು ಹಾಲೆಂಡ್ ಸಂಸ್ಥೆಯ .375 ಬಂದಿತು. ಜಿಂಕೆಯಿಂದ ಆನೆಯವರೆಗೆ ಒಂದೇ ಬಂದೂಕು ಸಾಕೆನ್ನುವವರಿಗೆ ಅದು ಮೆಚ್ಚಿನದಾಯಿತು.

ಚಿಕ್ಕ ಗುಂಡಿನ ಪಕ್ಷದವರು ಸಾಮಾನ್ಯವಾಗಿ ಬೆಲ್ ಎಂಬ ಸ್ಕಾಟ್‌ಲೆಂಡಿನವನ ಹೆಸರನ್ನು ಎತ್ತುತ್ತಾರೆ. ಅವನು ಆಫ್ರಿಕದಲ್ಲಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಹೊಡೆದನು, ಅವುಗಳಲ್ಲಿ ಬಹುಪಾಲನ್ನು.275ರಂತಹ ಚಿಕ್ಕ ಬಾಯಿಯ ರೈಫಲಿನಿಂದ ಕೆಡಹಿದನು. ಸಂಗತಿ ನಿಜ. ಆದರೆ ಅದರ ಹಿಂದಣ ಸಂಗತಿಯನ್ನೂ ನೋಡಬೇಕು. ಬೆಲ್ಲನು ಆನೆಯ ತಲೆಯನ್ನು ಗರಗಸದಿಂದ ಸೀಳಿಸಿ, ಮಿದುಳು ಎಲ್ಲಿದೆ, ಯಾವ ಕೋನದಿಂದ ಗುಂಡು ಅಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅಧ್ಯಯನಮಾಡಿದ್ದನು. ಅವನ ಕಣ್ಣು, ಕೈ, ತಾಳ್ಮೆಗಳು ಸಾವಿರದಲ್ಲಿ ಒಬ್ಬನಿಗೆ ಸಿಕ್ಕುವಂತಹವು. ಅವನ ಬಂದೂಕನ್ನು ಕೊಳ್ಳುವುದು ಸುಲಭ. ಅವನ ವಿದ್ಯೆಯನ್ನು ಕೊಳ್ಳಲಾಗದು. ಆದುದರಿಂದಲೇ ಮುಂದೆ ಆಫ್ರಿಕದ ಹಲವು ಸೀಮೆಗಳಲ್ಲಿ ಆನೆ, ಕಾಡೆಮ್ಮೆಗಳಂತಹ ಮೃಗಗಳಿಗೆ .375ಕ್ಕಿಂತ ಚಿಕ್ಕದು ಕೂಡದೆಂದು ಕಾನೂನು ಮಾಡಿದರು.

ಅಳತೆಯ ಈ ಚರ್ಚೆಯು ಶ್ರೀಮಂತರ ವಿನೋದವೆಂದು ತಿಳಿಯುವವರಿಗೆ ನಾವು ಒಂದು ದೃಷ್ಟಾಂತವನ್ನು ಕೊಡುತ್ತೇವೆ. 1907ರಲ್ಲಿ ಜಿಮ್ ಕಾರ್ಬೆಟ್ಟನು ಕುಮಾವೂನಿನ ಚಂಪಾವತದಲ್ಲಿ ಒಂದು ಹೆಣ್ಣುಹುಲಿಯನ್ನು ಕೊಂದನು. ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಸೇರಿ ಅದು 436 ಮಂದಿಯನ್ನು ಕೊಂದಿತ್ತೆಂದು ಅವನ ಲೆಕ್ಕ. ಸತ್ತ ಹುಲಿಯ ಬಾಯನ್ನು ಪರೀಕ್ಷಿಸಿದಾಗ ಬಲಗಡೆಯ ಕೋರೆಹಲ್ಲುಗಳು ಮೇಲೆಯೂ ಕೆಳಗೆಯೂ ಮುರಿದಿದ್ದವು. ಅದು ಹಳೆಯ ಗುಂಡೇಟಿನ ಫಲ. ಆ ಹಲ್ಲುಗಳಿಂದ ತನ್ನ ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆ ಬಿದ್ದಿತೆಂದು ಕಾರ್ಬೆಟ್ಟನು ನಿರ್ಣಯಿಸಿದನು. ಆ ಗುಂಡನ್ನು ಹಾರಿಸಿದವನು ಮನೆಗೆ ಹೋಗಿ ಸುಖವಾಗಿ ಮಲಗಿರಬಹುದು. ಅವನ ತಪ್ಪಿಗೆ ಬೆಲೆ ತೆತ್ತವರು, ಹುಲ್ಲಿಗೂ ಸೌದೆಗೂ ಕಾಡಿಗೆ ಹೋದ ಹೆಂಗಸರು ಮಕ್ಕಳು.

ಆ ಹುಲಿಯನ್ನು ಕೊಂದುದಕ್ಕೆ ಕಾರ್ಬೆಟ್ಟನಿಗೆ ಬಹುಮಾನವಾಗಿ ದೊರೆತುದು .275ರ ರಿಗ್ಬಿ ರೈಫಲು. 1930ರಲ್ಲಿ ಚೌಗಢದ ನರಭಕ್ಷಕ ಹುಲಿಯು ಕೆಲವೇ ಅಡಿಗಳ ದೂರದಲ್ಲಿ ಅವನಿಗೆ ಎದುರಾಯಿತು. ಅವನ ಎಡಗೈಯಲ್ಲಿ ಆಗತಾನೆ ಎತ್ತಿಕೊಂಡಿದ್ದ ಹಕ್ಕಿಯ ಮೊಟ್ಟೆಗಳಿದ್ದವು. ಒಂದೇ ಕೈಯಿಂದ ಆ ಹಗುರವಾದ ರೈಫಲನ್ನು ಮೆಲ್ಲಮೆಲ್ಲನೆ ತಿರುಗಿಸಿ ಅವನು ಗುಂಡು ಹಾರಿಸಿದನು. ಬೇಕರನ 21 ಪೌಂಡಿನ ಕೋವಿಯಾಗಿದ್ದರೆ ಅಂದು ಬದುಕುಳಿಯುತ್ತಿದ್ದುದು ಹುಲಿಯೇ. ಆದರೂ ನರಭಕ್ಷಕಗಳ ಬೇಟೆಯಲ್ಲಿ ಅವನು .450/400ರ ಜೋಡಿನಳಿಗೆಯ ರೈಫಲನ್ನೂ ಕೈಬಿಡಲಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ದಕ್ಷಿಣದ ಕಾಡುಗಳಲ್ಲಿ .405ರ ವಿಂಚೆಸ್ಟರನ್ನು ನೆಚ್ಚಿಕೊಂಡಿದ್ದನು. ಎಲ್ಲರಿಗೂ ಒಪ್ಪುವ ಒಂದು ಸಂಖ್ಯೆಯಿಲ್ಲವೆಂಬುದಕ್ಕೆ ಇವರೇ ಸಾಕ್ಷಿ.

ಹಾಗಾದರೆ ನಿರ್ಣಯವೇನು? ಮೃಗದ ಮೈಕಟ್ಟಿಗೆ ಸಾಲುವಷ್ಟು ತೂಕ, ಆ ಮೈಗೆ ತಕ್ಕ ರಚನೆಯ ಗುಂಡು, ಬೇಟೆಗಾರನು ಒದೆತಕ್ಕೆ ಅಂಜದೆ ಗುರಿಯಿಡಬಲ್ಲಷ್ಟು ಭಾರ, ಎರಡನೆಯ ಈಡು ಕೂಡಲೇ ಒದಗುವ ಅನುಕೂಲ: ಈ ನಾಲ್ಕೂ ಕೂಡಿದ ಅಳತೆಯೇ ಯೋಗ್ಯವಾದ ಅಳತೆ. ಗಾಯಗೊಂಡ ಮೃಗವನ್ನು ಹಿಂಬಾಲಿಸಿ ಮುಗಿಸದೆ ಮನೆಗೆ ಮರಳಬಾರದೆಂಬುದು ಇದರೊಡನೆ ಸೇರಿದ ಐದನೆಯ ಕಟ್ಟಳೆ. ಅದು ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ.

ಈಗ ಈ ವಿದ್ಯೆಯು ನಮ್ಮ ದೇಶದಲ್ಲಿ ಇತಿಹಾಸಕ್ಕೆ ಸಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ವಿನೋದದ ಬೇಟೆ ನಿಂತಿತು. ಮೈಸೂರಿನ ಮಹಾರಾಜರ ಬೇಟೆಯ ಕಾಡಾಗಿದ್ದ ಬಂಡೀಪುರವು 1973ರಲ್ಲಿ ಹುಲಿಗಳ ರಕ್ಷಿತಾರಣ್ಯವಾಯಿತು. ಬೇಟೆಯ ಹುಲಿ ಚಿರತೆಗಳನ್ನು ಸಾವಿರಗಟ್ಟಲೆಯಾಗಿ ಹದಮಾಡಿ ನಿಲ್ಲಿಸಿದ ಮೈಸೂರಿನ ವಾನ್ ಇಂಗೆನ್ ಕಾರ್ಖಾನೆಯು 1999ರಲ್ಲಿ ಬಾಗಿಲು ಹಾಕಿತು. ಆದರೂ ಊರಿಗೆ ನುಗ್ಗಿದ ಹುಲಿಯನ್ನೋ ಪುಂಡಾನೆಯನ್ನೋ ಹಿಡಿಯಬೇಕಾದಾಗ ಅರಣ್ಯ ಇಲಾಖೆಯ ವೈದ್ಯನು ಅರಿವಳಿಕೆಯ ಸೂಜಿಯನ್ನು ಬಂದೂಕಿಗೆ ತುಂಬುವ ಮೊದಲು ಪ್ರಾಣಿಯ ತೂಕವನ್ನು ಕಣ್ಣಳತೆಯಿಂದಲೇ ಅಂದಾಜುಮಾಡಿ ಮದ್ದಿನ ಪ್ರಮಾಣವನ್ನು ಗೊತ್ತುಮಾಡುತ್ತಾನೆ. ಕಡಿಮೆಯಾದರೆ ಜನಕ್ಕೆ ಅಪಾಯ. ಹೆಚ್ಚಾದರೆ ಪ್ರಾಣಿಗೆ ಅಪಾಯ. ಸ್ಯಾಂಡರ್ಸನ್ ತನ್ನ ಕೋವಿಯನ್ನು ಆರಿಸುವಾಗ ಹೊತ್ತ ಹೊಣೆಯೇ ಇಂದು ಅವನ ಕೈಯಲ್ಲಿದೆ; ಉದ್ದೇಶವು ಮಾತ್ರ ಕೊಲ್ಲುವುದರಿಂದ ಉಳಿಸುವುದಕ್ಕೆ ತಿರುಗಿದೆ. ಈ ತಿರುವನ್ನು ಕಾಣುವ ಭಾಗ್ಯವು ನಮ್ಮ ತಲೆಮಾರಿಗೆ ದೊರೆತುದು ಸಂತೋಷದ ವಿಷಯ.